ಆಮದಾರರಿಗೆ ಬರೆದರೆ ಮಳೆ ನಿಲ್ಲುತ್ತದಾ?

ಓದುಗರ ಪ್ರಶ್ನೆ, ಅಕ್ಕನ ಉತ್ತರ

ಹೋದ ತಿಂಗಳು ಸೊಸೈಟಿಯ ನೀರಿನ ಬಿಲ್ಲಿನ ಬಗ್ಗೆ ಬರೆಯುತ್ತಾ ಕೊನೆಗೆ ಒಂದು ಮಾತು ಸೇರಿಸಿದ್ದೆ. ಮಳೆ, ಬಿಸಿಲು, ಸಮುದ್ರ ಮೂರೂ ಬದಲಾಗುತ್ತಿವೆ. ಇದನ್ನು ಪರಿಸರದವರ ತಲೆನೋವು ಅಂತ ಬಿಟ್ಟು ಕೂರಬೇಡಿ, ನಿಮ್ಮ ನಗರಸೇವಕರಿಗೆ (ಕಾರ್ಪೊರೇಟರಿಗೆ), ಆಮದಾರರಿಗೆ (ಶಾಸಕರಿಗೆ), ಖಾಸದಾರರಿಗೆ (ಸಂಸದರಿಗೆ) ಬರೆಯಿರಿ ಅಂತ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂತ ಸಂಪಾದಕರೂ ಎಣಿಸಿರಲಿಲ್ಲ. ಹಾಗಾಗಿ ಈ ಸಲ ಬೇರೆ ವಿಷಯ ಇಲ್ಲ. ಅಡುಗೆ ಗ್ಯಾಸಿನ ಪ್ರಶ್ನೆ ಕಳಿಸಿದವರು ಸ್ವಲ್ಪ ತಡೆದುಕೊಳ್ಳಿ.

ಹೊಸ ಓದುಗರಿಗೆ ಒಂದು ಪರಿಚಯ. ನಾನು ಮುಂಬಯಿಯ ಉಪನಗರದ ಒಬ್ಬ ಆಮದಾರರ ಜನಸಂಪರ್ಕ ಕಾರ್ಯಾಲಯದಲ್ಲಿ ಟೈಪಿಸ್ಟ್ ಆಗಿದ್ದವಳು. ಟಪಾಲು ಒಡೆಯುವುದು, ಜನರ ನಿವೇದನ ಓದುವುದು, ಲೆಟರ್‌ಹೆಡ್ ಮೇಲೆ ಶಿಫಾರಸು ಪತ್ರ ಹೊಡೆಯುವುದು, ಇದೇ ನನ್ನ ನೌಕರಿ. ಕಾರ್ಕಳದ ಕಡೆಯಿಂದ ಬಂದ ನನಗೆ ಮರಾಠಿ ಕಲಿಸಿದ್ದೂ ಆ ಟೈಪ್‌ರೈಟರ್ರೇ. ನಾನು ಹವಾಮಾನ ತಜ್ಞೆ ಅಲ್ಲ. ಆದರೆ ಒಂದು ಕಾಗದ ಯಾವ ಮೇಜಿನಲ್ಲಿ ಸಾಯುತ್ತದೆ, ಯಾವುದು ಸಾಹೇಬರ ಕೈವರೆಗೆ ಹೋಗುತ್ತದೆ ಅನ್ನುವುದು ಚೆನ್ನಾಗಿ ಗೊತ್ತು.

ಪ್ರಶ್ನೆ: ಅಕ್ಕಾ, ನಮ್ಮದು ಮಿಠಿ ನದಿಗೆ ಹತ್ತಿರದ ಚಾಳು, ಕೆಳಗಿನ ಮನೆ. ಮಳೆಗಾಲದಲ್ಲಿ ಅಕ್ಕಿ ಡಬ್ಬಿ, ಮಿಕ್ಸರ್ ಎಲ್ಲ ಅಟ್ಟಕ್ಕೆ ಏರಿಸಿಯೇ ಮಲಗುವುದು. ನಮ್ಮ ಮಹಿಳಾ ಮಂಡಳಿಯವರು ಸೇರಿ ಹವಾಮಾನ ಬದಲಾವಣೆ ಬಗ್ಗೆ ಆಮದಾರರಿಗೆ ಪತ್ರ ಬರೆಯಬೇಕು ಅಂತಿದ್ದೇವೆ. ನಮ್ಮ ಮನೆಯವರು ನಗುತ್ತಾರೆ. "ಆಮದಾರರಿಗೆ ಬರೆದರೆ ಮಳೆ ನಿಲ್ಲುತ್ತದಾ?" ಅಂತಾರೆ. ಏನು ಬರೆಯಬೇಕು, ಹೇಗೆ ಬರೆಯಬೇಕು?
— ಗೃಹಿಣಿ, ಕುರ್ಲಾ ಪಶ್ಚಿಮ

ಉತ್ತರ: ನಿಮ್ಮ ಯಜಮಾನರಿಗೆ ಹೇಳಿ, ಮಳೆ ನಿಲ್ಲುವುದಿಲ್ಲ. ಇನ್ನೂ ಜೋರಾಗುತ್ತದೆ. ಬರೆಯಬೇಕಾದದ್ದೇ ಅದಕ್ಕೆ.

ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7 ರಷ್ಟು ಜಾಸ್ತಿ ನೀರಾವಿ ಹಿಡಿದುಕೊಳ್ಳುತ್ತದೆ. ನಮ್ಮ ಅರಬ್ಬಿ ಸಮುದ್ರವೂ ಬಿಸಿಯಾಗುತ್ತಿದೆ. ಹಾಗಾಗಿ ನಾಲ್ಕು ದಿನ ಹನಿಯಬೇಕಾದ ಮಳೆ ನಾಲ್ಕು ಗಂಟೆಯಲ್ಲಿ ಸುರಿದು ಹೋಗುವುದು ಹೆಚ್ಚುತ್ತಿದೆ. 2005 ರ ಜುಲೈ 26 ನಿಮಗೆ ನೆನಪಿರಬೇಕು. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್. ಅದೇ ದಿನ ಕೊಲಾಬಾದಲ್ಲಿ ಬರೀ 73 ಚಿಲ್ಲರೆ. ಒಂದೇ ಊರು, ಒಂದೇ ದಿನ! ಕೋಟೆ ಭಾಗದ ಆಫೀಸುಗಳಲ್ಲಿ ಕೂತವರಿಗೆ ಬಹಳ ಹೊತ್ತು ಕುರ್ಲಾದಲ್ಲಿ ಏನಾಗುತ್ತಿದೆ ಅನ್ನುವುದು ಸರಿಯಾಗಿ ತಿಳಿಯಲೇ ಇಲ್ಲ.

ಇನ್ನು ನೀರು ಹೋಗುವ ದಾರಿ. ಮುಂಬಯಿಯ ಹಳೆಯ ಚರಂಡಿಗಳನ್ನು ಗಂಟೆಗೆ 25 ಮಿಲಿಮೀಟರ್ ಮಳೆಗೆ ಅಂತ ಕಟ್ಟಿದ್ದು. ಅದೂ ಸಮುದ್ರ ಇಳಿದಿರುವಾಗ. ಭರತಿ ಬಂದರೆ ಎಷ್ಟೋ ಚರಂಡಿಗಳ ಬಾಯಿ ಸಮುದ್ರದ ಮಟ್ಟಕ್ಕಿಂತ ಕೆಳಗಿರುತ್ತದೆ, ನೀರು ಹೊರಗೆ ಹೋಗುವ ಬದಲು ಒಳಗೆ ಬರುತ್ತದೆ. ಇದನ್ನು ಗಂಟೆಗೆ 50 ಮಿಲಿಮೀಟರಿಗೆ ಏರಿಸಬೇಕು ಅನ್ನುವ ಬ್ರಿಮ್‌ಸ್ಟೋವಾಡ್ ವರದಿ ಬಂದದ್ದು 1993 ರಲ್ಲಿ. ಕೆಲಸಕ್ಕೆ ಜೀವ ಬಂದದ್ದು 2005 ರ ಪ್ರಳಯದ ಮೇಲೆ. ಹನ್ನೆರಡು ವರ್ಷ ವರದಿ ಕಪಾಟಿನಲ್ಲಿತ್ತು ಅಂತಲೇ ಲೆಕ್ಕ. ಎಂಟು ಪಂಪಿಂಗ್ ಸ್ಟೇಷನ್ ಆಗಬೇಕಿತ್ತು. ಹಾಜಿ ಅಲಿ, ಇರ್ಲಾ, ಲವ್ ಗ್ರೋವ್, ಕ್ಲೀವ್‌ಲ್ಯಾಂಡ್, ಬ್ರಿಟಾನಿಯಾ, ಗಜದರ್‌ಬಂಧ್ ಇವು ಆದವು. ಮೋಗ್ರಾ ಮತ್ತು ಮಾಹುಲ್ ವರ್ಷಗಟ್ಟಲೆ ಜಾಗದ ತಕರಾರಿನಲ್ಲಿ ಹಿಂದೆ ಬಿದ್ದವು. ಮಾಹುಲ್ ಅಂದರೆ ಕುರ್ಲಾ, ಚೆಂಬೂರು, ಸಾಯನ್ ಕಡೆಯ ನೀರಿಗೆ. ನಿಮ್ಮ ಮನೆಯ ನೀರಿಗೆ ಅಂತಲೇ ಅಂದುಕೊಳ್ಳಿ.

ಮಳೆಯನ್ನು ಆಮದಾರರು ನಿಲ್ಲಿಸಲಾರರು, ನಿಜ. ಆದರೆ ಮೂವತ್ತು ವರ್ಷ ಹಳೆಯ ಕಡತವನ್ನು ಅಲುಗಾಡಿಸಬಲ್ಲರು. ಅದಕ್ಕೇ ಅವರನ್ನು ಆರಿಸಿ ಕಳಿಸಿರುವುದು, ಅಲ್ವಾ?

ಈಗ ಕಾಗದದ ವಿಷಯ. ನಮ್ಮ ಆಫೀಸಿನಲ್ಲಿ ಟಪಾಲು ಬಂದ ಕೂಡಲೇ ಭಾಗ ಆಗುತ್ತಿತ್ತು. ಮದುವೆ, ಪೂಜೆ, ಕ್ರಿಕೆಟ್ ಪಂದ್ಯದ ಆಮಂತ್ರಣ ಪಿಎ ಸಾಹೇಬರ ಡೈರಿಗೆ. ಆಸ್ಪತ್ರೆ ಬಿಲ್ಲು, ಶಾಲೆ ಸೀಟು, ರೇಷನ್ ಕಾರ್ಡು ನನ್ನ ಟೈಪಿಗೆ. "ಭೂಮಿಯನ್ನು ಉಳಿಸಿ, ಮುಂದಿನ ಪೀಳಿಗೆಗಾಗಿ ಎಚ್ಚೆತ್ತುಕೊಳ್ಳಿ" ಅಂತ ಬಂದ ಪತ್ರಗಳಿಗೆ ಒಂದು ಚಂದದ ಉತ್ತರ ತಯಾರಿತ್ತು. "ನಿಮ್ಮ ಭಾವನೆಗಳನ್ನು ಗೌರವಿಸುತ್ತೇವೆ" ಅಂತ. ಹೆಸರು ಬದಲಾಯಿಸಿ ಕಳಿಸುವುದು, ಫೈಲಿಗೆ ಹಾಕುವುದು. ಸಾಹೇಬರು ಕೆಟ್ಟವರು ಅಂತ ಅಲ್ಲ. ಆ ಪತ್ರದಲ್ಲಿ ಅವರು ಮಾಡಬೇಕಾದ ಕೆಲಸವೇ ಇರುತ್ತಿರಲಿಲ್ಲ.

ಸಾಹೇಬರ ಮೇಜಿಗೆ ಹೋಗುತ್ತಿದ್ದ ಪತ್ರ ಬೇರೆ ತರಹ. ಅದರಲ್ಲಿ ಒಂದು ಜಾಗ, ಒಂದು ತಾರೀಕು, ಒಂದು ಬೇಡಿಕೆ ಇರುತ್ತಿತ್ತು. ಕೆಳಗೆ ಆ ಕ್ಷೇತ್ರದ್ದೇ ವಿಳಾಸ ಇರುವ ಸಹಿಗಳು. ನೀವು ಹೀಗೆ ಬರೆಯಿರಿ:

"ಮಾನ್ಯರೇ, ಕೆಳಗೆ ಸಹಿ ಮಾಡಿದ ನಾವು ಇಂಥ ಚಾಳಿನ ನಿವಾಸಿಗಳು, ನಿಮ್ಮ ಕ್ಷೇತ್ರದ ಮತದಾರರು. ಇಂಥ ತಾರೀಕು, ಇಷ್ಟು ಗಂಟೆಗೆ ನಮ್ಮ ಮನೆಗಳಿಗೆ ಮಂಡಿಯವರೆಗೆ ನೀರು ಬಂತು. ಫೋಟೋ ಜೊತೆಗಿದೆ. 2025 ರಲ್ಲಿ ಮುಂಗಾರು ಮುಂಬಯಿಗೆ ಮೇ 26 ಕ್ಕೇ ಬಂತು. ನಾಲೆ ಸಫಾಯಿ ಮುಗಿಸುವ ಗಡುವು ಇದ್ದದ್ದು ಮೇ 31. ಮಳೆ ಮುಂಚೆ ಬರಬಹುದಾದ ಈ ಕಾಲಕ್ಕೆ ಹಳೆಯ ಗಡುವು ಸಾಲದು. ಇಂಥ ನಾಲೆಯ ಹೂಳನ್ನು ಏಪ್ರಿಲ್ ಕೊನೆಯೊಳಗೆ ತೆಗೆಸಲು ನೀವು ಪಾಲಿಕೆಯ ಆಯುಕ್ತರಿಗೆ ಪತ್ರ ಬರೆದು, ಅದರ ಪ್ರತಿಯನ್ನು ನಮಗೆ ಕೊಡಬೇಕಾಗಿ ವಿನಂತಿ."

ಇಷ್ಟೇ. ಒಂದು ಪುಟ ದಾಟಬೇಡಿ. ಪ್ರತಿ ಕೇಳುವ ಆ ಕೊನೆಯ ಸಾಲು ಮಾತ್ರ ಬಿಡಬೇಡಿ. ಅದಿದ್ದರೆ ಟೈಪಿಸ್ಟಿಗೆ ಕೆಲಸ ಹುಟ್ಟುತ್ತದೆ, ಕೆಲಸ ಹುಟ್ಟಿದರೆ ಕಾಗದ ಫೈಲಿನಲ್ಲಿ ಮಲಗುವುದಿಲ್ಲ. ನನ್ನ ಅನುಭವದ ಮಾತು.

ನಾನು ಬರೆದ ಆ ಮೇ 26 ಸುಮ್ನೆ ಹಾಕಿದ್ದಲ್ಲ. ಮುಂಬಯಿಗೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 11. ಆ ವರ್ಷ ಹದಿನಾರು ದಿನ ಮುಂಚೆ ಬಂತು. ವರಳಿಯ ಹೊಸ ಭೂಗತ ಮೆಟ್ರೋ ಸ್ಟೇಷನ್ನಿಗೂ ನೀರು ನುಗ್ಗಿತು. ನಾಲೆ ಸಫಾಯಿಯ ಕ್ಯಾಲೆಂಡರು ಹಳೆಯ ಮಳೆಯದ್ದು, ಬರುತ್ತಿರುವ ಮಳೆ ಹೊಸದು. ಹವಾಮಾನ ಬದಲಾವಣೆ ಅಂದರೆ ಏನು ಅಂತ ಜನಪ್ರತಿನಿಧಿಗೆ ಅರ್ಥ ಮಾಡಿಸಲು ಇದಕ್ಕಿಂತ ಸುಲಭದ ಉದಾಹರಣೆ ನನಗೆ ಸಿಕ್ಕಿಲ್ಲ. ಹಿಮನದಿ, ಹಿಮಕರಡಿ ಯಾಕೆ ಬೇಕು?

ಮಾಹುಲಿನ ವಿಷಯಕ್ಕೆ ಬೇರೆ ಪತ್ರ ಬರೆಯಿರಿ, ಇದರಲ್ಲೇ ತುರುಕಬೇಡಿ. ಅದರಲ್ಲಿ ಆಮದಾರರು ವಿಧಾನಸಭೆಯಲ್ಲಿ ತಾರಾಂಕಿತ ಪ್ರಶ್ನೆ (ಮಂತ್ರಿ ಸಭೆಯಲ್ಲೇ ಬಾಯಿಮಾತಿನಲ್ಲಿ ಉತ್ತರಿಸುವ ಪ್ರಶ್ನೆ) ಕೇಳಬೇಕು, ಇಲ್ಲವೇ ಲಕ್ಷವೇಧಿ ಸೂಚನೆ (ಗಮನ ಸೆಳೆಯುವ ಸೂಚನೆ) ಕೊಡಬೇಕು ಅಂತ ಕೇಳಿ. ಸಭೆಯಲ್ಲಿ ಪ್ರಶ್ನೆ ಬಂದರೆ ಮಂತ್ರಿ ಉತ್ತರ ಕೊಡಲೇಬೇಕು, ಉತ್ತರ ದಾಖಲೆಗೆ ಹೋಗುತ್ತದೆ. ಮಳೆಗಾಲದ ಅಧಿವೇಶನ ಮುಂಬಯಿಯಲ್ಲೇ, ಚಳಿಗಾಲದ್ದು ನಾಗಪುರದಲ್ಲಿ. ಪ್ರಶ್ನೆಗಳು ಅಧಿವೇಶನಕ್ಕೆ ವಾರಗಳ ಮೊದಲೇ ಹೋಗಬೇಕು. ಅಧಿವೇಶನ ಶುರುವಾದ ದಿನ ಪತ್ರ ತಂದರೆ ಟೀ ಸಿಗುತ್ತದೆ, ಪ್ರಶ್ನೆ ಸಿಗುವುದಿಲ್ಲ.

ಪ್ರಶ್ನೆ: ನನಗೆ ಮರಾಠಿ ಓದಲು ಬರುತ್ತದೆ, ಬರೆಯಲು ಬಾರದು. ಕನ್ನಡದಲ್ಲಿ ಬರೆದರೆ ನಡೆಯುತ್ತದೆಯೇ?
— ನಿವೃತ್ತ ರಾತ್ರಿಶಾಲೆ ಶಿಕ್ಷಕರು, ಸಾಂತಾಕ್ರೂಜ್

ಉತ್ತರ: ಸರ್, ನಡೆಯುವುದಿಲ್ಲ. ಓದುವವರೇ ಇರುವುದಿಲ್ಲ. ನಿಮ್ಮ ಕನ್ನಡ ಪತ್ರವನ್ನು ನಿಮ್ಮದೇ ಹಳೆಯ ವಿದ್ಯಾರ್ಥಿಗಳಿಗೆ ಕೊಡಿ, ಮರಾಠಿಯಲ್ಲಿ ಬರೆದುಕೊಡುತ್ತಾರೆ. ಇಂಗ್ಲಿಷ್ ಓಡುತ್ತದೆ, ಆದರೆ ಪಾಲಿಕೆಯ ಕೆಲಸ ನಡೆಯುವುದು ಮರಾಠಿಯಲ್ಲಿ. ಮರಾಠಿಯ ಕಾಗದ ನೇರ ಮುಂದಿನ ಮೇಜಿಗೆ ಹೋಗುತ್ತದೆ, ಇಂಗ್ಲಿಷಿನದ್ದು ತರ್ಜುಮೆಗೆ ಕೂರುತ್ತದೆ. ಎರಡು ಪ್ರತಿ ಒಯ್ಯಿರಿ. ಒಂದು ಕೊಟ್ಟು ಇನ್ನೊಂದರ ಮೇಲೆ ತಾರೀಕು ಸಮೇತ ಶಿಕ್ಕಾ (ಮೊಹರು) ಹಾಕಿಸಿಕೊಳ್ಳಿ. ಆ ಪೋಚ್ (ಪತ್ರ ಮುಟ್ಟಿದ ಗುರುತು) ಇಲ್ಲದೆ ಮನೆಗೆ ಬರಬೇಡಿ.

ಪ್ರಶ್ನೆ: ನಾನು ಐಟಿಯಲ್ಲಿದ್ದೇನೆ. ಹವಾಮಾನದ ಬಗ್ಗೆ ಬರುವ ಎಲ್ಲ ಆನ್‌ಲೈನ್ ಮನವಿಗಳಿಗೂ ಸಹಿ ಹಾಕುತ್ತೇನೆ. ಮುಂಬಯಿ ಪಾಲಿಕೆಗೂ ಟ್ಯಾಗ್ ಮಾಡುತ್ತೇನೆ. ಸಾಕಲ್ಲವಾ?
— ತರುಣ, ಡೊಂಬಿವಲಿ ಪೂರ್ವ

ಉತ್ತರ: ತಮ್ಮಾ, ಮೊದಲನೆಯದಾಗಿ ನೀನಿರುವುದು ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆಯಲ್ಲಿ. ಮುಂಬಯಿ ಪಾಲಿಕೆ ನಿನ್ನ ಗಟಾರ ಯಾಕೆ ನೋಡುತ್ತದೆ? ಎರಡನೆಯದು, ಒಂದೇ ಒಕ್ಕಣೆಯ ಇಮೇಲ್ ಸಾವಿರ ಬಂದರೂ ಆಫೀಸಿನಲ್ಲಿ ಅದನ್ನು ಒಂದು ಅಂತಲೇ ಎಣಿಸುತ್ತಾರೆ. ಬೆಂಗಳೂರಿನಿಂದ, ನ್ಯೂಜೆರ್ಸಿಯಿಂದ ಹಾಕಿದ ಸಹಿ ಅಂತೂ ಸಾಹೇಬರಿಗೆ ಲೆಕ್ಕಕ್ಕೇ ಇಲ್ಲ. ನಿನ್ನ ಬಿಲ್ಡಿಂಗಿನ ಲೆಟರ್‌ಹೆಡ್ ಮೇಲೆ ಕಾರ್ಯದರ್ಶಿ ಸಹಿ ಮಾಡಿದ ಒಂದು ಪತ್ರಕ್ಕೆ ಅದಕ್ಕಿಂತ ಜಾಸ್ತಿ ಬೆಲೆ. ಭಾನುವಾರ ಒಂದು ದಿನ ಫೋನ್ ಬದಿಗಿಟ್ಟು ಹೋಗಿ ಕೂತು ಬಾ. ಹೆಚ್ಚಿನ ಜನಸಂಪರ್ಕ ಕಾರ್ಯಾಲಯಗಳು ಭಾನುವಾರ ಬೆಳಿಗ್ಗೆ ತುಂಬಿರುತ್ತವೆ.

ಪ್ರಶ್ನೆ: ಅಂಧೇರಿಯಲ್ಲಿ ನಮ್ಮದು ಸಣ್ಣ ಉಡುಪಿ ಹೋಟೆಲು. ಮಾರ್ಚ್ ಬಂತೆಂದರೆ ಅಡುಗೆಮನೆಯಲ್ಲಿ ನಿಲ್ಲಲು ಆಗುವುದಿಲ್ಲ. ದೋಸೆ ಹುಯ್ಯುವ ಭಟ್ಟರು ಹೋದ ವರ್ಷ ಒಲೆ ಮುಂದೆಯೇ ತಲೆ ತಿರುಗಿ ಬಿದ್ದರು. ಬಿಸಿಲಿನ ಬಗ್ಗೆಯೂ ಜನಪ್ರತಿನಿಧಿಗೆ ಬರೆಯಬಹುದಾ, ಅಥವಾ ನಗುತ್ತಾರಾ?
— ಹೋಟೆಲು ಮಾಲೀಕರು

ಉತ್ತರ: ನಗುವವರು ನಗಲಿ. 2023 ರ ಏಪ್ರಿಲ್‌ನಲ್ಲಿ ಖಾರ್‌ಘರ್‌ನಲ್ಲಿ ಬಯಲಿನಲ್ಲಿ ನಡೆದ ಪ್ರಶಸ್ತಿ ಸಮಾರಂಭಕ್ಕೆ ಬಂದವರಲ್ಲಿ ಹತ್ತಕ್ಕೂ ಹೆಚ್ಚು ಜನ ಬಿಸಿಲ ಹೊಡೆತಕ್ಕೆ ತೀರಿಕೊಂಡರು. ವೇದಿಕೆಯ ಮೇಲೆ ಮಂತ್ರಿಗಳೇ ಇದ್ದರು. ಆಮೇಲೆ ಬಿಸಿಲನ್ನು ತಮಾಷೆ ಅನ್ನುವ ಧೈರ್ಯ ಯಾರಿಗೂ ಇರಬಾರದು.

ಕರಾವಳಿಯಲ್ಲಿ ಒಂದು ತೊಡಕಿದೆ. ಹವಾಮಾನ ಇಲಾಖೆ ಬಯಲುಸೀಮೆಯಲ್ಲಿ 40 ಡಿಗ್ರಿ, ಕರಾವಳಿಯಲ್ಲಿ 37 ಡಿಗ್ರಿ ಮುಟ್ಟಿ, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಜಾಸ್ತಿ ಇದ್ದರೆ ಬಿಸಿಗಾಳಿ ಅನ್ನುತ್ತದೆ. ಆದರೆ ನಮ್ಮಲ್ಲಿ 34 ರಲ್ಲೂ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಅದರ ಮೇಲೆ ನಿಮ್ಮ ತವಾ, ಇಡ್ಲಿ ಸ್ಟೀಮರ್, ಸಾಂಬಾರಿನ ಹಂಡೆ. ಹೊರಗಿನ ಥರ್ಮಾಮೀಟರಿನಲ್ಲಿ ಎಚ್ಚರಿಕೆ ಇಲ್ಲ, ಒಳಗೆ ಭಟ್ಟರು ಬೀಳುತ್ತಾರೆ.

ಹಾಗಾಗಿ ಆಮದಾರರಿಗೆ ಬರೆಯುವಾಗ ಇದನ್ನೇ ಬರೆಯಿರಿ. ಕೆಲಸದ ಜಾಗಕ್ಕೆ ಎಚ್ಚರಿಕೆ ಕೊಡುವಾಗ ಬರೀ ಉಷ್ಣಾಂಶ ನೋಡಬಾರದು, ತೇವವನ್ನೂ ಸೇರಿಸಬೇಕು. ಅಡುಗೆಮನೆ, ಕಟ್ಟಡ ಕೆಲಸ, ಇಸ್ತ್ರಿ ಅಂಗಡಿ ಇಂಥ ಕಡೆ ಬೇಸಿಗೆಯಲ್ಲಿ ವಿಶ್ರಾಂತಿಯ ಹೊತ್ತು ಕಡ್ಡಾಯ ಆಗಬೇಕು. ಇದು ರಾಜ್ಯ ಸರಕಾರ ಮಾಡಬಹುದಾದ ನಿಯಮ. ನಗರಸೇವಕರಿಗೆ ಬೇರೆ ಪತ್ರ: ಮಾರ್ಕೆಟ್ಟಿನ ಬಳಿ ನೆರಳು, ಕುಡಿಯುವ ನೀರು, ಕಡಿದ ಮರಗಳ ಜಾಗಕ್ಕೆ ಮರ.

ಒಂದು ಮಾತು ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ ಅಣ್ಣಾ. ಹೋಟೆಲಿನವರ ಸಂಘ 'ಆಹಾರ್' ನಲ್ಲಿ ನಮ್ಮವರು ಎಷ್ಟೊಂದು ಜನ ಇದ್ದೀರಿ. ಲೈಸೆನ್ಸು, ತೆರಿಗೆ ಅಂದರೆ ಮಂತ್ರಿಗಳ ಬಾಗಿಲು ತಟ್ಟಲು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಡುಗೆಮನೆಯ ಶಾಖದ ವಿಷಯವನ್ನೂ ಆ ಪಟ್ಟಿಗೆ ಸೇರಿಸಿ. ಸಂಘ ಕೇಳಿದರೆ ಸಿಗುವ ಅಪಾಯಿಂಟ್‌ಮೆಂಟು ಒಂಟಿ ಹೋಟೆಲಿಗೆ ಸಿಗುವುದಿಲ್ಲ. ಮತ್ತೆ, ಎಕ್ಸಾಸ್ಟ್ ಫ್ಯಾನ್ ಹಾಕಿಸಲು ಮತ್ತು ಭಟ್ಟರಿಗೆ ಮಧ್ಯಾಹ್ನ ಅರ್ಧ ಗಂಟೆ ಬಿಡುವು ಕೊಡಲು ಯಾವ ಆಮದಾರರ ಪತ್ರವೂ ಬೇಡ.

ಪ್ರಶ್ನೆ: ಪುಣೆಯ ಸಿಂಹಗಡ ರಸ್ತೆಯಲ್ಲಿದ್ದೇನೆ. 2024 ರ ಜುಲೈ 25 ರಂದು ಏಕತಾ ನಗರಿಯಲ್ಲಿ ಮುಠಾ ನದಿಯ ನೀರು ಬಂದಾಗ ನಮ್ಮ ಪಾರ್ಕಿಂಗಿನ ಗಾಡಿಗಳೆಲ್ಲ ಮುಳುಗಿದವು. ಒಂದು ಕಚೇರಿಗೆ ಹೋದರೆ ಇನ್ನೊಂದರ ಹೆಸರು ಹೇಳುತ್ತಾರೆ. ಯಾರನ್ನು ಹಿಡಿಯಬೇಕು?
— ನಿವೃತ್ತ ಬ್ಯಾಂಕ್ ನೌಕರರು

ಉತ್ತರ: ಇಬ್ಬರನ್ನೂ, ಒಂದೇ ಕೋಣೆಯಲ್ಲಿ. ಖಡಕ್‌ವಾಸಲಾ ಅಣೆಕಟ್ಟಿನಿಂದ ನೀರು ಬಿಡುವುದು ರಾಜ್ಯದ ಜಲಸಂಪನ್ಮೂಲ ಇಲಾಖೆ. ಅದರ ಮೇಲೆ ಪಾನ್‌ಶೇತ್, ವರಸಗಾವ್, ಟೆಮ್‌ಘರ್ ಇವೆ, ಅವೆಲ್ಲದರ ನೀರೂ ಕೊನೆಗೆ ಬರುವುದು ಇಲ್ಲಿಗೇ. ದಂಡೆಯಲ್ಲಿ ಕಟ್ಟಡಕ್ಕೆ ಪರವಾನಗಿ ಕೊಡುವುದು, ಮನೆ ಮನೆಗೆ ಎಚ್ಚರಿಕೆ ತಲುಪಿಸುವುದು ಪಾಲಿಕೆ. ಎರಡಕ್ಕೂ ಬೇರೆ ಬೇರೆ ಪತ್ರ ಬರೆದರೆ ನೀವು ಚೆಂಡಿನ ಹಾಗೆ ಆಚೆ ಈಚೆ ಓಡುತ್ತೀರಿ. ಅದಕ್ಕೆ ಆಮದಾರರಿಂದ ಜಂಟಿ ಸಭೆ ಕೇಳಿ. ಆಮದಾರರು ಸಭೆ ಕರೆದರೆ ಎರಡೂ ಕಡೆಯ ಅಧಿಕಾರಿಗಳು ಬರುತ್ತಾರೆ, ಮತ್ತು ಸಭೆಯ ನಡಾವಳಿ ಬರಹದಲ್ಲಿ ಸಿಗುತ್ತದೆ.

ಆ ಸಭೆಯಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ ನದಿಯ ಗೆರೆಗಳದ್ದು. ಮಹಾರಾಷ್ಟ್ರದಲ್ಲಿ ನದಿಗೆ ನೀಲಿ ಗೆರೆ, ಕೆಂಪು ಗೆರೆ ಅಂತ ಎರಡು ಎಳೆಯುತ್ತಾರೆ. ನೀಲಿ ಅಂದರೆ ಇಪ್ಪತ್ತೈದು ವರ್ಷಕ್ಕೊಮ್ಮೆ ಬರುವಂಥ ನೆರೆ, ಕೆಂಪು ಅಂದರೆ ನೂರು ವರ್ಷಕ್ಕೊಮ್ಮೆ ಬರುವಂಥದ್ದು. ಇಪ್ಪತ್ತೈದು ವರ್ಷಕ್ಕೊಮ್ಮೆ ಅಂದ ಕೂಡಲೇ ಜನ ನೆಮ್ಮದಿಯಿಂದ ಮಲಗುತ್ತಾರೆ. ಅದರ ಅರ್ಥ ಪ್ರತಿ ವರ್ಷವೂ ನೂರಕ್ಕೆ ನಾಲ್ಕರಷ್ಟು ಸಾಧ್ಯತೆ ಅಂತ. ಅದೂ ಹಳೆಯ ಮಳೆಯ ಲೆಕ್ಕದಿಂದ. ಮಳೆ ಬದಲಾದ ಮೇಲೆ ಗೆರೆಯೂ ಬದಲಾಗಬೇಕು. ನೀವು ಬ್ಯಾಂಕಿನವರು, ಹಳೆಯ ಬಡ್ಡಿದರದಲ್ಲಿ ಹೊಸ ಸಾಲದ ಲೆಕ್ಕ ಹಾಕಿಕೊಟ್ಟರೆ ಒಪ್ಪುತ್ತಿದ್ದಿರಾ?

ಹಾಗಾಗಿ ಬೇಡಿಕೆ ಇಷ್ಟು: ಮುಠಾ ನದಿಯ ಈ ಭಾಗದ ಗೆರೆಗಳನ್ನು ಈಚಿನ ವರ್ಷಗಳ ಮಳೆಯನ್ನೂ ಸೇರಿಸಿ ಮತ್ತೆ ಲೆಕ್ಕ ಹಾಕಬೇಕು. ಅದು ಆಗುವವರೆಗೆ ದಂಡೆಯಲ್ಲಿ ಮಣ್ಣು ತುಂಬಿಸುವುದಕ್ಕೆ ಹೊಸ ಪರವಾನಗಿ ಕೊಡಬಾರದು. ಅಣೆಕಟ್ಟಿನ ನೀರು ಎಷ್ಟು ಕ್ಯೂಸೆಕ್ ಬಿಟ್ಟರೆ ಯಾವ ಸೊಸೈಟಿಗೆ ಎಷ್ಟು ಹೊತ್ತಿನಲ್ಲಿ ಬರುತ್ತದೆ ಅನ್ನುವ ಪಟ್ಟಿ ಮಳೆಗಾಲಕ್ಕೆ ಮೊದಲೇ ನಿಮ್ಮ ಗೇಟಿನಲ್ಲಿ ಅಂಟಿಸಿರಬೇಕು. ಬಿಲ್ಡರುಗಳು ಈ ಗೆರೆಯ ವಿಷಯದಲ್ಲಿ ಬಹಳ ಆಸಕ್ತಿ ಇರುವವರು. ಅವರೂ ಆಮದಾರರನ್ನು ಭೇಟಿ ಮಾಡುತ್ತಿರುತ್ತಾರೆ ಅನ್ನುವುದನ್ನು ಮಾತ್ರ ನೆನಪಿಡಿ. ನೀವು ಒಮ್ಮೆ ಹೋಗಿ ಬಂದು ಸುಮ್ಮನಾದರೆ ಮೇಜು ಅವರದ್ದೇ. ಪಾನ್‌ಶೇತ್ ಒಡೆದದ್ದು 1961 ರ ಜುಲೈ 12 ಕ್ಕೆ. ನದಿ ತನ್ನ ಜಾಗ ಮರೆಯುವುದಿಲ್ಲ ಅಂತ ಹೇಳುವ ಹಿರಿಯರು ಪುಣೆಯಲ್ಲಿ ಇನ್ನೂ ಇದ್ದಾರೆ. ಅಂಥ ಒಬ್ಬರನ್ನು ಸಭೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ನಿಮ್ಮ ಮಾತು ನನಗೆ ಹಿಡಿಸಲಿಲ್ಲ. ಹೊಗೆ ಬಿಟ್ಟದ್ದು ಅಮೆರಿಕ, ಚೀನಾ. ನಮ್ಮ ಬಡ ನಗರಸೇವಕ ಏನು ಮಾಡಬೇಕು? ಮೆಟ್ರೋ, ರಸ್ತೆ ಆಗಲಿ ಬಿಡಿ. ಈ ಪರಿಸರದವರಿಗೆ ಅಭಿವೃದ್ಧಿಯೇ ಆಗದು.
— ಬಟ್ಟೆ ವ್ಯಾಪಾರಿ, ಘಾಟ್‌ಕೋಪರ್

ಉತ್ತರ: ಹೊಗೆಯ ಮಾತು ಅರ್ಧ ಒಪ್ಪಿದೆ. ತಲಾ ಲೆಕ್ಕದಲ್ಲಿ ನಾವು ಭಾರತೀಯರು ಬಿಡುವ ಇಂಗಾಲ ಜಗತ್ತಿನ ಸರಾಸರಿಯ ಅರ್ಧಕ್ಕಿಂತಲೂ ಕಮ್ಮಿ. ಈ ಅನ್ಯಾಯವನ್ನು ದಿಲ್ಲಿಯವರು ಜಾಗತಿಕ ಸಭೆಗಳಲ್ಲಿ ಹೇಳುತ್ತಲೇ ಬಂದಿದ್ದಾರೆ, ಹೇಳಲೂ ಬೇಕು. ಬೇಕಾದರೆ ನಿಮ್ಮ ಖಾಸದಾರರಿಗೆ ಅದನ್ನೇ ಬರೆಯಿರಿ, ಲೋಕಸಭೆಯಲ್ಲಿ ಕೇಳಲಿ. ಆದರೆ ಹೊಗೆ ಯಾರದ್ದಾದರೂ ನೀರು ಬರುವುದು ನಿಮ್ಮ ಗೋದಾಮಿಗೆ. ಒದ್ದೆಯಾದ ಥಾನುಗಳನ್ನು ಅಮೆರಿಕಕ್ಕೆ ಕಳಿಸುತ್ತೀರಾ?

ಮುಂಬಯಿಗೆ 2022 ರ ಮಾರ್ಚ್‌ನಲ್ಲೇ ಹವಾಮಾನ ಕ್ರಿಯಾ ಯೋಜನೆ ಬಂದಿದೆ. 2050 ರೊಳಗೆ ಇಂಗಾಲದ ಲೆಕ್ಕ ಸೊನ್ನೆಗೆ ತರುತ್ತೇವೆ ಅಂತ ಅದರಲ್ಲಿ ಹೇಳಿದ್ದಾರೆ. ದೇಶದ ಗುರಿ 2070. 2024 ರಲ್ಲಿ ಪಾಲಿಕೆ ಹವಾಮಾನಕ್ಕೆ ಅಂತಲೇ ಬೇರೆ ಬಜೆಟ್ ವರದಿಯನ್ನೂ ತಂದಿತು. ಕಾಗದ ಚೆನ್ನಾಗಿದೆ. ತೊಂದರೆ ಏನೆಂದರೆ ಅದೇ 2022 ರ ಮಾರ್ಚ್‌ನಲ್ಲಿ ನಗರಸೇವಕರ ಅವಧಿ ಮುಗಿಯಿತು, ಚುನಾವಣೆ ನಡೆದದ್ದು 2026 ರ ಜನವರಿಯಲ್ಲಿ. ಹತ್ತಿರ ಹತ್ತಿರ ನಾಲ್ಕು ವರ್ಷ ಆಡಳಿತಾಧಿಕಾರಿಯೇ ಎಲ್ಲ. ಯೋಜನೆ ಇತ್ತು, ಅದು ಎಲ್ಲಿಗೆ ಬಂತು ಅಂತ ಸಭಾಗೃಹದಲ್ಲಿ ಎದ್ದು ಕೇಳುವವರು ಇರಲಿಲ್ಲ. ಈಗ 227 ಜನ ಇದ್ದಾರೆ. "ಹವಾಮಾನ ಬಜೆಟ್ಟಿನಲ್ಲಿ ನಮ್ಮ ವಾರ್ಡಿಗೆ ಬಂದದ್ದೆಷ್ಟು, ಖರ್ಚಾದದ್ದೆಷ್ಟು?" ಅಂತ ನಿಮ್ಮ 'ಬಡ' ನಗರಸೇವಕರಿಂದ ಕೇಳಿಸಿ. ವ್ಯಾಪಾರಿಗೆ ಲೆಕ್ಕ ಕೇಳಲು ನಾನು ಹೇಳಿಕೊಡಬೇಕಾ? ಆಯುಕ್ತರು ಬಜೆಟ್ ಇಡುವುದು ವಾಡಿಕೆಯಂತೆ ಫೆಬ್ರವರಿ ಮೊದಲ ವಾರ. ನಿಮ್ಮ ಪತ್ರ ದೀಪಾವಳಿ ಆದ ಕೂಡಲೇ ಹೋಗಲಿ.

ಮೆಟ್ರೋ ಬೇಡ ಅಂತ ನಾನು ಹೇಳಿಲ್ಲ. ರೈಲು, ಬಸ್ಸು ಜಾಸ್ತಿ ಆಗಲಿ ಅನ್ನುವವಳೇ. ಖಾಡಿಯ (ಸಮುದ್ರದ ಹಿನ್ನೀರಿನ) ಕಾಂದಳ್, ಅಂದರೆ ಮ್ಯಾಂಗ್ರೋವ್ ಗಿಡ, ಕಡಿದು ಡೆಬ್ರಿಸ್ ಸುರಿದು ಕಟ್ಟುವುದಕ್ಕೆ ಮಾತ್ರ ನನ್ನ ತಕರಾರು. ಕಾಂದಳ್ ಕಾಡಿನ ನಾಶವನ್ನು ಬಾಂಬೆ ಹೈಕೋರ್ಟು 2005 ರಲ್ಲೇ ತಡೆದಿದೆ. ಕೋರ್ಟಿಗೂ ಗೊತ್ತಾದದ್ದು ನಮಗೆ ಗೊತ್ತಾಗುವುದಿಲ್ಲವೇ?

ಪ್ರಶ್ನೆ: ನಾವು ವಿಜಯಪುರ ಕಡೆಯವರು, ಗೋವಾದಲ್ಲಿ ನೆಲೆಸಿ ಇಪ್ಪತ್ತು ವರ್ಷದ ಮೇಲಾಯಿತು. ಊರಿನ ಖಾಜನ್ ಗದ್ದೆಯ ಬಾಂಧ್ (ಒಡ್ಡು) ಒಡೆದು ಉಪ್ಪುನೀರು ನುಗ್ಗುತ್ತಿದೆ, ಬಾವಿ ನೀರೂ ಉಪ್ಪಾಗಿದೆ. ಮಾತಾಡಿದರೆ "ನೀವು ಹೊರಗಿನವರು" ಅಂತಾರೆ. ನಮಗೆ ಕೇಳುವ ಹಕ್ಕಿಲ್ಲವೇನ್ರೀ ಅಕ್ಕಾರ?
— ಮೇಸ್ತ್ರಿ ಕೆಲಸದವರು, ಸಾಲ್ಸೆಟ್

ಉತ್ತರ: ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ? ಇದ್ದರೆ ಗ್ರಾಮಸಭೆಯಲ್ಲಿ ಎದ್ದು ಮಾತಾಡುವ ಹಕ್ಕು ಎಲ್ಲರಷ್ಟೇ ನಿಮಗೂ ಇದೆ. ಇಲ್ಲದಿದ್ದರೆ ಮೊದಲು ಆ ಕೆಲಸ.

ಗೋವಾದಲ್ಲಿ ನಿಮಗೊಂದು ಅನುಕೂಲ ಇದೆ. ಅಲ್ಲಿ ವಿಧಾನಸಭೆಯಲ್ಲಿ 40 ಜನ, ಒಂದು ಕ್ಷೇತ್ರಕ್ಕೆ ಮೂವತ್ತು ಸಾವಿರದ ಆಸುಪಾಸು ಮತದಾರರು. ಮುಂಬಯಿಯಲ್ಲಿ 36 ಕ್ಷೇತ್ರ, ಒಂದೊಂದಕ್ಕೆ ಎರಡು ಲಕ್ಷಕ್ಕೂ ಮೇಲೆ. ನಮ್ಮ ಸಾಹೇಬರಿಗೆ ಇಪ್ಪತ್ತು ಸಹಿ ಏನೂ ಅಲ್ಲ. ನಿಮ್ಮವರಿಗೆ ಇಪ್ಪತ್ತು ಮನೆ ಅಂದರೆ ಚುನಾವಣೆಯ ದಿನ ನೆನಪಾಗುವ ಸಂಖ್ಯೆ.

ಒಂದು ಸಲಹೆ. ನಿಮ್ಮವರಷ್ಟೇ ಹೋಗಬೇಡಿ. ಖಾಜನ್ ಅಂದರೆ ಸಮುದ್ರದ ಭರತಿ ಮಟ್ಟಕ್ಕಿಂತ ತಗ್ಗಿನಲ್ಲಿ, ಬಾಂಧ್ ಕಟ್ಟಿ, ಮಾನಸದ (ತೂಬಿನ) ಬಾಗಿಲು ತೆರೆದು ಮುಚ್ಚಿ ತಲೆಮಾರುಗಳಿಂದ ಕಾಪಾಡಿಕೊಂಡ ಗದ್ದೆ. ಅದರ ಒಳಹೊರಗು ಬಲ್ಲವರು ಅಲ್ಲಿನ ಹಳೆಯ ರೈತರು. ಅವರ ಪೈಕಿ ಇಬ್ಬರನ್ನು ಮುಂದೆ ಕೂರಿಸಿ, ಪತ್ರ ಕೊಂಕಣಿಯಲ್ಲೋ ಮರಾಠಿಯಲ್ಲೋ ಬರೆಸಿ, ಗದ್ದೆ ಅವರದ್ದು ಬಾವಿ ನಿಮ್ಮದು ಅಂತ ಒಟ್ಟಿಗೆ ಕೇಳಿ. ಸಮುದ್ರ ಏರುತ್ತಿರುವ ಕಾಲದಲ್ಲಿ ಬಾಂಧನ್ನು ಮೊದಲಿನ ಎತ್ತರಕ್ಕೇ ಕಟ್ಟಿದರೆ ಸಾಲದು, ಇನ್ನಷ್ಟು ಎತ್ತರಿಸಿ ಅಂತ ಬೇಡಿಕೆಯಲ್ಲಿ ಸೇರಿಸಿ. ಮಣ್ಣಿನ ಕೆಲಸದಲ್ಲಿ ಪಳಗಿದ ಕೈ ನಿಮ್ಮದು. ಎಷ್ಟು ಉದ್ದ ಒಡೆದಿದೆ, ಎಷ್ಟು ಮಣ್ಣು ಬೇಕು ಅಂತ ಅಳೆದು ಬರೆದರೆ ಎಂಜಿನಿಯರ್ ತಳ್ಳಿಹಾಕಲಾರ.

ಪ್ರಶ್ನೆ: ನಾನು ಹತ್ತನೇ ಕ್ಲಾಸು. ವೋಟಿಲ್ಲ. ನಮ್ಮ ಮಾತು ಯಾರು ಕೇಳುತ್ತಾರೆ ಆಂಟಿ?
— ವಿದ್ಯಾರ್ಥಿನಿ, ಠಾಣೆ

ಉತ್ತರ: ಪುಟ್ಟೀ, ನಮ್ಮ ಆಫೀಸಿನಲ್ಲಿ ಮಕ್ಕಳು ಕೈಯಲ್ಲಿ ಬರೆದ ಪತ್ರ ಬಂದರೆ ಮೊದಲು ಓದುತ್ತಿದ್ದದ್ದು ಅದನ್ನೇ. ಶಾಲೆಯ ಹೆಸರು ಹಾಕಿ ಬರೆ. ನಿಮ್ಮ ಕ್ಲಾಸಿನಲ್ಲಿ ಮಧ್ಯಾಹ್ನ ಎಷ್ಟು ಡಿಗ್ರಿ ಇರುತ್ತದೆ ಅಂತ ಏಪ್ರಿಲ್ ತಿಂಗಳು ಪೂರ್ತಿ ಬರೆದಿಟ್ಟು ಆ ಪಟ್ಟಿ ಜೊತೆಗೆ ಕಳಿಸು. ತಗಡಿನ ಮಾಡಿಗೆ ಬಿಳಿ ಬಣ್ಣ ಬಳಿದರೆ ಒಳಗೆ ಶಾಖ ಕಮ್ಮಿಯಾಗುತ್ತದೆ. ಅದನ್ನೇ ಕೇಳು. ಆಮದಾರರನ್ನು ಶಾಲೆಗೆ ಕರೆಯುವುದಾದರೆ ಸ್ವಾತಂತ್ರ್ಯ ದಿನಕ್ಕೆ ಬೇಡ, ಮಾರ್ಚಿನ ಮಧ್ಯಾಹ್ನ ಎರಡು ಗಂಟೆಗೆ ಕರೆ.

ಪ್ರಶ್ನೆ: ನಮ್ಮ ಸೊಸೈಟಿ ಹಿಂದಿನ ಗುಡ್ಡದ ತಡೆಗೋಡೆ ಬಗ್ಗೆ ಬರೆದಿದ್ದೆ. "ನಿಮ್ಮ ಪತ್ರವನ್ನು ಸಂಬಂಧಪಟ್ಟ ಇಲಾಖೆಗೆ ಕಳುಹಿಸಲಾಗಿದೆ" ಅಂತ ಉತ್ತರ ಬಂತು. ಆಮೇಲೆ ಸದ್ದಿಲ್ಲ. ಮುಂದೇನು?
— ಸೊಸೈಟಿ ಕಾರ್ಯದರ್ಶಿ, ವಿಕ್ರೋಲಿ

ಉತ್ತರ: ಆ ಸಾಲನ್ನು ನಾನೇ ಎಷ್ಟು ಸಲ ಟೈಪ್ ಮಾಡಿದ್ದೇನೋ! ಅದು ಉತ್ತರ ಅಲ್ಲ, ಹೊರೆ ಇಳಿಸಿಕೊಂಡ ಚೀಟಿ. ಆದರೆ ಅದರ ಮೇಲೆ ಒಂದು ಜಾವಕ ನಂಬರು (ಪತ್ರ ಹೊರಹೋದ ಕ್ರಮಸಂಖ್ಯೆ) ಇರುತ್ತದೆ. ಅದು ನಿಮ್ಮ ಆಸ್ತಿ. ಗುಡ್ಡದ ವಿಷಯ ತಡ ಮಾಡುವಂಥದ್ದಲ್ಲ. 2021 ರ ಜುಲೈ 18 ರಂದು ಚೆಂಬೂರಿನಲ್ಲೂ ನಿಮ್ಮ ವಿಕ್ರೋಲಿಯಲ್ಲೂ ಒಂದೇ ರಾತ್ರಿಯ ಮಳೆಗೆ ಮಣ್ಣು, ಗೋಡೆ ಕುಸಿದು ಜನ ಸತ್ತದ್ದು ನಿಮ್ಮ ಕಣ್ಣೆದುರಿಗೇ ಇದೆ.

ಆ ನಂಬರು ಹಿಡಿದು ಮೊದಲು ಆಮದಾರರ ಪಿಎ ಹತ್ತಿರ ಹೋಗಿ. ಯಾವ ಇಲಾಖೆ, ಯಾವ ಅಧಿಕಾರಿ ಅಂತ ಬರೆದುಕೊಳ್ಳಿ. ಒಂದು ತಿಂಗಳು ಪಾಠಪುರಾವಾ ಮಾಡಿ, ಅಂದರೆ ವಾರಕ್ಕೊಂದು ಫೋನು, ಜಗಳ ಬೇಡ. ನಂತರ ಆ ಇಲಾಖೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ: ಈ ನಂಬರಿನ ಪತ್ರದ ಮೇಲೆ ದಿನಕ್ಕೆ ದಿನ ಏನು ಕ್ರಮ ಆಯಿತು, ಈಗ ಯಾರ ಮೇಜಿನಲ್ಲಿದೆ, ಟಿಪ್ಪಣಿಯ ಪ್ರತಿ ಕೊಡಿ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಮಹಾರಾಷ್ಟ್ರದಲ್ಲಿ ಅರ್ಜಿ 150 ಪದ ದಾಟಬಾರದು, ಒಂದು ಅರ್ಜಿಗೆ ಒಂದೇ ವಿಷಯ. ತಡೆಗೋಡೆಯ ಜೊತೆ ಪಾರ್ಕಿಂಗ್, ಬೀದಿನಾಯಿ ಸೇರಿಸಿದರೆ ವಾಪಸು ಬರುತ್ತದೆ. ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟಾಂಪು ಅಂಟಿಸಿ. ಉತ್ತರದ ಪ್ರತಿಯನ್ನು ಆಮದಾರರಿಗೂ ಒಂದು ಕೊಡಿ, ಅಧಿವೇಶನ ಹತ್ತಿರ ಇದ್ದರೆ ಅವರಿಗೆ ಪ್ರಶ್ನೆ ಕೇಳಲು ಸಾಮಾನು ಸಿಕ್ಕಿದ ಹಾಗಾಯಿತು.